ಮೂರನೇ ಸಾಲಿನ ಎ ಮೈನರ್

ಶ್ರೀಧರ ಐತಾಳರು ನಮ್ಮ ಮನೆಗೆ ಮೊದಲ ಸಲ ಬಂದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕಾಫಿ ಲೋಟವನ್ನು ತುಟಿಯ ತನಕ ತಂದಿದ್ದವರು ಅಲ್ಲಿಯೇ ತಡೆದು ಕಣ್ಣು ಮುಚ್ಚಿಕೊಂಡರು. ಕುಕ್ಕರ್ ಸುಮ್ಮನಾದ ಮೇಲೆ ಕಣ್ಣು ತೆರೆದು, "ಬಿ ಫ್ಲ್ಯಾಟ್ ಸ್ವರ. ಸ್ವಲ್ಪ ಇಳ್ದಿತ್ತ್. ಗ್ಯಾಸ್ಕೆಟ್ ಬದಲ್ಸಿ ಮೇಡಮ್" ಎಂದರು. ಆಮೇಲೆ ಕಾಫಿ ಕುಡಿದರು. ಕಾಫಿ ಹೇಗಿತ್ತೆಂದು ಹೇಳಲಿಲ್ಲ.

ಕಿವಿ ಇಷ್ಟು ಚುರುಕಾಗಿದ್ದೂ ಇಷ್ಟು ಕಡಿಮೆ ಕೇಳಿಸಿಕೊಳ್ಳುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ನಾವಿದ್ದ ಚೆನ್ನೈನ ವೆಸ್ಟ್ ಮಾಂಬಲಂನ ಸ್ಟೇಷನ್ನಿಗೆ ಬರುವ ಲೋಕಲ್ ಟ್ರೇನಿನ ಹಾರ್ನಿನಲ್ಲಿ ಎರಡು ಸ್ವರ ಇದೆಯಂತೆ, ಅವೆರಡರ ನಡುವಿನ ಅಂತರ ದುಃಖದ್ದಂತೆ. "ಅದ್ಕೇ ಈ ಏರಿಯಾದವರ ಮುಖ ಯಾವಾಗ್ಲೂ ಸಪ್ಪೆ" ಎಂದು ಅವರು ಗಂಭೀರವಾಗಿ ಹೇಳುತ್ತಿದ್ದರು. ದೇವಸ್ಥಾನಕ್ಕೆ ಹೋದರೆ ಗಂಟೆಗೂ ನಾದಸ್ವರಕ್ಕೂ ಶ್ರುತಿ ಹೊಂದುವುದಿಲ್ಲವೆಂದು ಅರ್ಚಕರ ಹತ್ತಿರ ಜಗಳ. ಆಟೋದವನ ಹಾರ್ನು, ತರಕಾರಿಯವಳ ಕೂಗು, ಪಕ್ಕದ ಮನೆಯ ಮಗುವಿನ ಅಳು, ಎಲ್ಲಕ್ಕೂ ಅವರಲ್ಲಿ ಒಂದು ಹೆಸರಿತ್ತು. ಮಗು ಯಾಕೆ ಅಳುತ್ತಿದೆ ಎಂದು ಮಾತ್ರ ಅವರಿಗೆ ಗೊತ್ತಿರುತ್ತಿರಲಿಲ್ಲ.

ಅವರು ನಮ್ಮ ಮನೆಗೆ ಬಂದದ್ದು ನಾನು ಕೊಂಡ ಗಿಟಾರ್ ಸರಿಯಿದೆಯೇ ಎಂದು ನೋಡುವುದಕ್ಕೆ. ನಾನು ಹಾಸನದವಳು. ವಿಮಾ ಕಂಪನಿಯೊಂದರ ಕೆಲಸಕ್ಕಾಗಿ ಚೆನ್ನೈಗೆ ಬಂದವಳು. ಜನ ಕಳಿಸುವ ಕ್ಲೇಮ್ ಅರ್ಜಿಗಳಲ್ಲಿ ತಪ್ಪು ಹುಡುಕಿ, ಕೊಡಲಾಗುವುದಿಲ್ಲ ಎಂದು ಮರ್ಯಾದೆಯಾಗಿ ಪತ್ರ ಬರೆಯುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಬಹಳ ಜಾಣೆ ಎಂದು ಆಫೀಸಿನಲ್ಲಿ ಹೆಸರಿತ್ತು. ಇಂಥ ಪತ್ರಗಳನ್ನು ಬರೆದೂ ಬರೆದೂ, ಬೇರೆ ಏನಾದರೂ ಬರೆಯಬೇಕು, ಹಾಡು ಕಟ್ಟಬೇಕು ಎಂಬ ಹುಚ್ಚು ಹತ್ತಿತು. ಹಾಗೆ ಒಂದು ಶನಿವಾರ ಸ್ಟೇಷನ್ ಹತ್ತಿರದ ಹೋಟೆಲಿನ ಮೇಲಿದ್ದ ಬೋರ್ಡು ಕಣ್ಣಿಗೆ ಬಿತ್ತು. ಮೂವತ್ತು ವಾರದಲ್ಲಿ ಹಾಡು ಕಟ್ಟುವುದನ್ನು ವೈಜ್ಞಾನಿಕವಾಗಿ ಕಲಿಸಲಾಗುವುದು ಎಂದು ಇಂಗ್ಲಿಷಿನಲ್ಲಿಯೂ ತಮಿಳಿನಲ್ಲಿಯೂ ಬರೆದಿತ್ತು.

ಆ ಹೋಟೆಲು ಕಟ್ಟಿದ್ದು ಐತಾಳರ ತಂದೆ. ಕುಂದಾಪುರದ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಇನ್ನೊಬ್ಬರ ಹೋಟೆಲಿನಲ್ಲಿ ಎಲೆ ಎತ್ತಿ, ಆಮೇಲೆ ಸ್ವಂತದ್ದು ಮಾಡಿಕೊಂಡವರು. ಈಗ ನಡೆಸುತ್ತಿದ್ದವನು ಐತಾಳರ ತಮ್ಮ. ಅಣ್ಣನಿಗೆ ಸಂಗೀತದ ಗೀಳು, ಅದರಲ್ಲೂ ಪಾಶ್ಚಾತ್ಯ ಸಂಗೀತದ್ದು. ಅಂಚೆಯಲ್ಲಿ ಪಾಠ ತರಿಸಿಕೊಂಡು, ಥಿಯರಿಯಲ್ಲಿ ಒಂದರ ಮೇಲೊಂದು ಎಂಟು ಪರೀಕ್ಷೆ ಪಾಸು ಮಾಡಿ, ಎಂಟೂ ಸರ್ಟಿಫಿಕೇಟುಗಳನ್ನು ಕಟ್ಟು ಹಾಕಿಸಿ ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ್ದರು. ಎಲ್ಲವೂ ಥಿಯರಿಯವೇ. ನುಡಿಸುವ ಪರೀಕ್ಷೆ ಒಂದನ್ನೂ ಕೊಟ್ಟಿರಲಿಲ್ಲ. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, "ನುಡ್ಸೂದು ಕೈಕೆಲಸ ಮಾರಾಯ್ರೆ. ಹೋಟ್ಲಲ್ಲಿ ಕೈಕೆಲಸ ಬೇಕಾದಷ್ಟು ಕಂಡಿದ್ದೆ" ಎಂದಿದ್ದರು.

ಮೋಟು ತೋಳಿನ ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲು, ಬಾಚಿದರೂ ಏಳುವ ನಾಲ್ಕು ಕೂದಲು. ಮಾತು ಕುಂದಾಪುರದ್ದು, ನಡುನಡುವೆ ತಮಿಳು. ಕ್ಲಾಸಿನಲ್ಲಿ ಪೂರ್ತಿ ತಮಿಳೇ, ಇಲ್ಲಿ ಅದನ್ನೂ ಅವರ ಕನ್ನಡದಲ್ಲಿ ಹೇಳುತ್ತಿದ್ದೇನೆ. ನಾನು ಹಾಸನದವಳೆಂದು ಎಷ್ಟು ಸಲ ಹೇಳಿದರೂ ನನ್ನನ್ನು ಕರೆಯುತ್ತಿದ್ದುದು "ಹ್ವಾಯ್, ಮೈಸೂರಿನವ್ರೇ" ಎಂದು. ಘಟ್ಟದ ಮೇಲಿನದೆಲ್ಲ ಅವರಿಗೆ ಮೈಸೂರೇ.

ಕ್ಲಾಸಿನ ಗೋಡೆಯ ಮೇಲೆ ಸರ್ಟಿಫಿಕೇಟುಗಳ ಕೆಳಗೆ ಒಂದು ದೊಡ್ಡ ಫ್ಲೆಕ್ಸ್ ಇತ್ತು. ಕೆಳಗಿನ ಹೋಟೆಲಿನ ತಿಂಡಿ ಪಟ್ಟಿ ಮಾಡಿಸಿದವನ ಹತ್ತಿರವೇ ಮಾಡಿಸಿದ್ದು, ಅದೇ ಹಸಿರು ಬಣ್ಣ, ಅದೇ ಅಂಚು. ಅದು ಭಾವಗಳ ಪಟ್ಟಿ. ಎಡಗಡೆ ಭಾವದ ಹೆಸರು, ಬಲಗಡೆ ಅದಕ್ಕೆ ಬಾರಿಸಬೇಕಾದ ಕಾರ್ಡುಗಳು. ಕಾರ್ಡ್ ಎಂದರೆ ಮೂರು ಸ್ವರಗಳನ್ನು ಒಟ್ಟಿಗೆ ಮೀಟಿದಾಗ ಹುಟ್ಟುವ ನಾದ; ಮೇಜರ್ ಆದರೆ ಅರಳಿದ ನಾದ, ಮೈನರ್ ಆದರೆ ಬಾಡಿದ್ದು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಯಾವ ಕ್ರಮದಲ್ಲಿ ಹೋಗಬೇಕು ಎನ್ನುವುದರಲ್ಲೇ ಹಾಡಿನ ಗುಟ್ಟೆಲ್ಲ ಇದೆ ಎಂದು ಅವರ ನಂಬಿಕೆ. ಸಂತೋಷಕ್ಕೆ ಸಿ, ಎಫ್, ಜಿ, ಮತ್ತೆ ಸಿ. ಪ್ರೇಮಕ್ಕೆ ಸಿ, ಎ ಮೈನರ್, ಎಫ್, ಜಿ. ಅದೇ ಪ್ರೇಮವನ್ನು ಎರಡನೇ ಕಾರ್ಡಿನಿಂದ ಶುರುಮಾಡಿ ಸುತ್ತಿದರೆ ದುಃಖ. ದೇಶಭಕ್ತಿಗೆ ಸಂತೋಷದ್ದೇ, ಸ್ವಲ್ಪ ಜೋರಾಗಿ.

"ಭಾವನೆ ಎಲ್ಲ ಆಮೇಲೆ ಬತ್ತ್. ಮೊದ್ಲು ಲೆಕ್ಕ" ಎಂದು ಮೊದಲ ದಿನವೇ ಹೇಳಿದರು. "ಹೃದಯಕ್ಕೆ ಎಷ್ಟು ಕೋಣೆ? ನಾಕು. ಹಾಡಿಗೆ ಎಷ್ಟು ಕಾರ್ಡ್? ನಾಕು. ಸರಿ ಹೋಯ್ತಲ್ದಾ?"

ಹನ್ನೊಂದು ಜನ ತಲೆಯಾಡಿಸಿ ಇದನ್ನು ನೋಟ್ಸ್ ಮಾಡಿಕೊಂಡೆವು. ನಾನೂ ಬರೆದುಕೊಂಡೆ, ಆಮೇಲೆ ಗೆಳತಿಯರಿಗೆ ಫೋನು ಮಾಡಿ ಹೇಳಿ ನಗುವುದಕ್ಕೆ.

ವರ್ಷದ ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಹತ್ತಿರದ ಸಣ್ಣ ಕಲ್ಯಾಣಮಂಟಪದಲ್ಲಿ ವಿದ್ಯಾರ್ಥಿಗಳು ಹಾಡು ಒಪ್ಪಿಸುವ ಕಾರ್ಯಕ್ರಮ. ಹನ್ನೊಂದು ಜನ, ಹನ್ನೊಂದು ಸ್ವಂತ ಹಾಡು. ಒಬ್ಬ ಮಳೆಯ ಬಗ್ಗೆ, ಒಬ್ಬ ಬೈಕಿನ ಬಗ್ಗೆ, ನಾನು ಚಂದ್ರನ ಬಗ್ಗೆ. ಚಂದ್ರನ ಬಗ್ಗೆ ನನಗೆ ಹೇಳುವಂಥದ್ದು ಏನೂ ಇರಲಿಲ್ಲ. ಆದರೆ ಪಟ್ಟಿಯ ಪ್ರಕಾರ ಪ್ರೇಮದ ಲೆಕ್ಕ ಹಾಕಿದ ಮೇಲೆ ಏನಾದರೊಂದು ಬೇಕಲ್ಲ. ನಾಲ್ಕನೆಯವನು ಹಾಡುತ್ತಿದ್ದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಅಜ್ಜಿ ಪಕ್ಕದವರ ಕಡೆ ತಿರುಗಿ, "ಇಂದ ಪಾಟ್ಟು ಎಪ್ಪೋ ಮುಡಿಯುಂ?" ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು. ಈ ಹಾಡು ಯಾವಾಗ ಮುಗಿಯುತ್ತದೆ ಎಂದು. ನಾಲ್ಕು ಹಾಡನ್ನೂ ಅವರು ಒಂದೇ ಹಾಡು ಎಂದುಕೊಂಡಿದ್ದರು. ಅಜ್ಜಿಯದು ತಪ್ಪಲ್ಲ.

ಐತಾಳರಿಗೂ ಅದು ಕೇಳಿಸಿತು. ಮುಂದಿನ ಕ್ಲಾಸಿನಲ್ಲಿ ಅವರು ಎದೆಯುಬ್ಬಿಸಿ, "ಕಂಡ್ರಾ, ಎಷ್ಟು ಕನ್ಸಿಸ್ಟೆನ್ಸಿ!" ಎಂದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಎರಡನೇ ವರ್ಷವೂ ನಾನು ಮುಂದುವರಿಸಿದೆ; ಆ ವರ್ಷ ಕ್ಲಾಸಿಗೆ ಲಲಿತಾ ಮಾಮಿ ಸೇರಿದರು. ನಿವೃತ್ತ ಟೀಚರ್, ನಮ್ಮ ಬೀದಿಯವರೇ. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಮಗಳು ಹಳೆಯ ಕೀಬೋರ್ಡು ಕೊಟ್ಟು, ಮನೆಯಲ್ಲಿ ಕೂರಬೇಡ ಎಂದು ಕಳಿಸಿದ್ದಳಂತೆ. ಮಾಮಿ ಎಂಟನೇ ವಾರದಲ್ಲೇ ಒಂದು ಹಾಡು ಕಟ್ಟಿಕೊಂಡು ಬಂದರು. ಗಂಡನ ಬಗ್ಗೆ. ಪ್ರತಿದಿನ ಬೆಳಿಗ್ಗೆ ಆತ ಪೇಪರು ಓದುತ್ತ ಹೆಂಡತಿಗೆ ಸುಳ್ಳು ಸುಳ್ಳೇ ಸುದ್ದಿ ಸೇರಿಸಿ ಹೇಳುತ್ತಿದ್ದರಂತೆ, ಮಾಮಿ ಪ್ರತಿದಿನವೂ ನಂಬುತ್ತಿದ್ದರಂತೆ. ಅದೇ ಹಾಡು. ಕುಣಿಯುವಂಥ ಧಾಟಿ. ಹಾಡುತ್ತ ಹಾಡುತ್ತ ಮಾಮಿ ತಾವೇ ನಕ್ಕರು. ನಮಗೆಲ್ಲ ಕಣ್ಣು ತುಂಬಿತು.

ಐತಾಳರು ಕಿವಿಯ ಮೇಲಿನ ಪೆನ್ಸಿಲು ತೆಗೆದರು.

"ವಿಷಯ ಎಂತದ್ದು? ಸಾವು. ಅಂದ್ರೆ ದುಃಖ. ನೀವು ಹಾಕಿದ್ದು ಸಂತೋಷದ್ದು. ಕಾಣಿ, ಪಟ್ಟಿ ಕಾಣಿ."

ಮಾಮಿ ತಮಿಳಿನಲ್ಲಿ ಮೆಲ್ಲಗೆ, "ಅವರು ನಗುನಗುತ್ತಲೇ ಇದ್ದವರು ಸಾರ್. ಅವರ ಹಾಡು ಅಳಬಾರದು" ಎಂದರು.

"ಅದು ನಿಮ್ಮ ಮನೆ ವಿಷಯ. ಕೇಳೂವವ್ನಿಗೆ ಅದು ಗೊತ್ತಿತ್ತಾ? ಮೈನರ್ ಹಾಕಿ" ಎಂದು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಮಾಮಿಯ ಧಾಟಿಯನ್ನೇ ದುಃಖಕ್ಕೆ ತಿರುಗಿಸಿ ನುಡಿಸಿ ತೋರಿಸಿದರು. ಕುಣಿಯುತ್ತಿದ್ದದ್ದು ಕುಂಟತೊಡಗಿತು. ಮಾಮಿ ಎರಡು ಸಾಲಿನ ತನಕ ಕೇಳಿದರು. ಆಮೇಲೆ ಕೈಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲಿಳಿದು ಹೋದರು. ಐತಾಳರು ತಲೆಯೆತ್ತಿದಾಗ ಕುರ್ಚಿ ಖಾಲಿ. "ಎಂತ, ಟಾಯ್ಲೆಟ್ಟಾ?" ಎಂದು ಕೇಳಿದರು.

ಮಾಮಿ ಮತ್ತೆ ಬರಲಿಲ್ಲ. ಮಾಮಿಯ ಹಾಡನ್ನೂ ಮತ್ತೆ ಯಾರೂ ಕೇಳಲಿಲ್ಲ.

ಆ ವಾರವೇ ನಾನು ಐತಾಳರ ಮೇಲೆ ಒಂದು ಹಾಡು ಕಟ್ಟಲು ಕೂತೆ. ಮಾಮಿಯ ಪರವಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಲೆಕ್ಕ ಅವರದೇ ಇಟ್ಟುಕೊಂಡೆ, ಪ್ರೇಮದ್ದು: ಸಿ, ಎ ಮೈನರ್, ಎಫ್, ಜಿ. ಭಾಷೆ ಮಾತ್ರ ನನ್ನ ಹರುಕು ಮುರುಕು ತಮಿಳು, ಅದಕ್ಕೇ ಇನ್ನಷ್ಟು ನಗು ಬರುತ್ತಿತ್ತು. ಪಲ್ಲವಿಗೆ ಕ್ಲಾಸಿನಲ್ಲಿ ಎಲ್ಲರೂ ಯಾವಾಗಲೂ ಹೇಳುತ್ತಿದ್ದ ಮಾತು, 'ಸಾರ್ ಸೊಲ್ಲಿಟ್ಟಾರು', ಸಾರ್ ಹೇಳಿಬಿಟ್ಟರು ಎಂದು. ಕನ್ನಡದಲ್ಲಿ ಹೇಳುವುದಾದರೆ ಮೊದಲ ಚರಣ ಹೀಗಿತ್ತು:

ಕಾಗೆ ಕೂಗಿದರೂ ತಪ್ಪು, ರೈಲು ಕೂಗಿದರೂ ತಪ್ಪು,
ನಗಲಿಕ್ಕೊಂದು ಪಟ್ಟಿ ಇದೆ, ಅಳಲಿಕ್ಕೊಂದು ಪಟ್ಟಿ ಇದೆ,
ಪಟ್ಟಿ ಬರೆದ ಸಾರಿಗೆ ಮಾತ್ರ ಒಂದು ಹಾಡೂ ಹುಟ್ಟಲಿಲ್ಲ,
ಸಾರ್ ಸೊಲ್ಲಿಟ್ಟಾರು, ಸಾರ್ ಸೊಲ್ಲಿಟ್ಟಾರು!

ಇದು ಅರ್ಧ ಗಂಟೆಯಲ್ಲಿ ಬಂತು. ಒಂದು ಚರಣ ಸಾಲದು, ಎರಡು ಬೇಕು ಎನ್ನುವುದೂ ಸಾರ್ ಹೇಳಿಕೊಟ್ಟದ್ದೇ. ಎರಡನೆಯದಕ್ಕೆ ಏನೂ ಹೊಳೆಯಲಿಲ್ಲ. ಪ್ರಾಸ ಹುಡುಕುತ್ತ ಹೋಟೆಲು ಹಿಡಿದೆ. ಕೆಳಗೆ ತಮ್ಮ ದೋಸೆ ಹುಯ್ಯುತ್ತಾನೆ, ಮೇಲೆ ಅಣ್ಣ ಗಾಳಿ ಹುಯ್ಯುತ್ತಾನೆ, ಬಿಟ್ಟಿ ಇಡ್ಲಿ, ಬಿಟ್ಟಿ ವಡೆ, ಬಿಟ್ಟಿ ಕಾಫಿ, ಬಿಟ್ಟಿ ಬಾಳು. ಅಷ್ಟೇ. ಐತಾಳರು ಹೋಟೆಲಿನಲ್ಲಿ ತಿನ್ನುವುದನ್ನು ಕಂಡಿದ್ದೆ. ಅದು ಬಿಟ್ಟಿಯೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ತಾಳಕ್ಕೆ ಚೆನ್ನಾಗಿ ಕೂತಿತು, ಬಿಟ್ಟುಬಿಟ್ಟೆ.

ಎರಡನೇ ವರ್ಷದ ಕಾರ್ಯಕ್ರಮದ ದಿನ ನಾನೇ ಹೋಗಿ ಲಲಿತಾ ಮಾಮಿಯನ್ನು ಕರೆದುಕೊಂಡು ಬಂದೆ. ಏನು ಹಾಡುತ್ತೇನೆಂದು ಹೇಳಿರಲಿಲ್ಲ. ಐತಾಳರಿಗೆ ಕೊಟ್ಟ ಹಾಳೆಯಲ್ಲಿ ಬೇರೆ ಹಾಡಿನ ಹೆಸರು ಬರೆದಿದ್ದೆ. ಸುಮಾರು ನೂರು ಜನ ಇದ್ದರು. ಮುಂದಿನ ಸಾಲಿನಲ್ಲಿ ಐತಾಳರು, ಅವರ ಹೆಂಡತಿ ಜಲಜಕ್ಕ, ಹೋಟೆಲಿನ ತಮ್ಮ, ನಾಲ್ಕೈದು ಜನ ಸಪ್ಲೈಯರುಗಳು. ನನ್ನ ಸರದಿ ಬಂದಾಗ ಎಂಟು ಹಾಡು ಮುಗಿದು ಜನ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

ಮೊದಲ ಸಾಲಿಗೇ ಯಾರೋ ಕಿಸಕ್ಕೆಂದರು. ಎರಡನೆಯದಕ್ಕೆ ಹಿಂದಿನ ಸಾಲುಗಳೂ ಎದ್ದು ಕೂತವು. ಮೂರನೆಯದಕ್ಕೆ ಸಭೆಗೆ ಸಭೆಯೇ ನಕ್ಕಿತು, ಪಲ್ಲವಿಯನ್ನು ನನ್ನ ಜೊತೆ ಹಾಡಿತು. ಎರಡನೇ ಚರಣಕ್ಕೆ ಸಪ್ಲೈಯರುಗಳು ತೊಡೆ ಚಪ್ಪರಿಸಿದರು. ನನಗೆ ಅಂಥ ಸುಖ ಜೀವನದಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಸುಳ್ಳು ಯಾಕೆ ಹೇಳಲಿ.

ಮುಗಿದ ಮೇಲೆ ಐತಾಳರು ಎದ್ದರು. ನಗು ಒಮ್ಮೆಲೇ ನಿಂತಿತು. ಅವರು ವೇದಿಕೆಯ ಮೆಟ್ಟಿಲು ಹತ್ತಿ ಬರುತ್ತಿದ್ದರೆ ನಾನು ಗಿಟಾರನ್ನು ಎದೆಗೆ ಅವಚಿಕೊಂಡೆ, ಹೊಡೆಯುತ್ತಾರೇನೋ ಎಂಬಂತೆ. ಅವರು ನನ್ನ ಮುಖವನ್ನೇ ನೋಡಲಿಲ್ಲ. ನನ್ನ ಬೆರಳುಗಳನ್ನು ನೋಡಿ ಹೇಳಿದರು:

"ಮೂರನೇ ಸಾಲು ತಪ್ಪು."

"ಸಾರ್?"

"ಮೂರನೇ ಸಾಲಿನ ಕೊನೆ. ಜಿ ಆದ್ಮೇಲೆ ಸಿ ಹಾಕಿದ್ರಿ. ಜಿ ಬಾರ್ಸಿದ್ರೆ ಕಿವಿ ಮನೆಗೆ ಹೋಪುಕೆ ಕಾಯ್ತಾ ಇರತ್ತ್. ಸಿ ಅಂದ್ರೆ ಮನೆ. ನೀವು ಸುಮ್ಮಾ ಮನೆಗೆ ಬಿಟ್ಟುಬಿಟ್ರಿ. ಜನ ಅಲ್ಲೇ ನಗಾಡಿ ಮುಗ್ಸಿದ್ರು. ಮನೆಗೆ ಬಿಡ್ಬೇಡಿ. ಎ ಮೈನರಿಗೆ ಕರ್ಕೊಂಡು ಹೋಯ್ನಿ. ನೀವು ಹಾಡೂ ಸ್ವರ ಅದೇ ಇರ್ಲಿ, ಕೆಳಗಿನದ್ದು ಮಾತ್ರ ಬದ್ಲಾಗ್ಲಿ."

ಕೀಬೋರ್ಡಿನ ಮುಂದೆ ಕೂತು, ಮೈಕನ್ನು ನನ್ನ ಕಡೆ ತಿರುಗಿಸಿದರು. "ಹಾಡಿ. ಮೊದ್ಲಿಂದ."

ಹಾಡಿದೆ. ಬೇರೆ ದಾರಿ ಇರಲಿಲ್ಲ. ಮೂರನೇ ಸಾಲಿನ ಕೊನೆಗೆ ಬಂದಾಗ, 'ಒಂದು ಹಾಡೂ ಹುಟ್ಟಲಿಲ್ಲ' ಎಂಬಲ್ಲಿ ನನ್ನ ದನಿ ಮೊದಲಿನ ಜಾಗದಲ್ಲೇ ನಿಂತಿತು. ಅವರ ಕೈ ಮಾತ್ರ ಆ ದನಿಯ ಕೆಳಗಿನಿಂದ ನೆಲವನ್ನು ಸರಿಸಿದ ಹಾಗೆ ಎ ಮೈನರಿಗೆ ಹೋಯಿತು. ಇಡೀ ಸಭೆ ಗಪ್ಪಾಯಿತು. ಒಬ್ಬರೂ ನಗಲಿಲ್ಲ. ಒಂದೇ ಕ್ಷಣ. ಅಷ್ಟರಲ್ಲಿ ಪಲ್ಲವಿ ಬಂತು, ಮನೆಗೆ ಮರಳಿತು, ನಗು ಮೊದಲಿನ ಎರಡರಷ್ಟು ಸಿಡಿಯಿತು. ಜನ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಎರಡನೇ ಚರಣವೂ ಮುಗಿದ ಮೇಲೆ ಐತಾಳರು ಕೀಬೋರ್ಡಿನಿಂದ ಕೈ ತೆಗೆದು, "ಈಗ ಸರಿ ಆಯ್ತ್ ಕಾಣಿ" ಎಂದರು. ಅವರ ಮುಖದಲ್ಲಿ ಅವಮಾನ ಇರಲಿಲ್ಲ. ಲೆಕ್ಕ ಸರಿಬಂದವನ ತೃಪ್ತಿ ಇತ್ತು. ಎಂಥ ಮೂರ್ಖ ಎಂದುಕೊಂಡೆ. ತನ್ನ ಮೇಲೆ ಬರುವ ಕಲ್ಲಿಗೆ ತಾನೇ ಮೊನೆ ಮಾಡಿಕೊಡುವವನನ್ನು ಇನ್ನೇನೆಂದು ಕರೆಯುವುದು?

ಹೊರಗೆ ಚಪ್ಪಲಿ ಹುಡುಕುತ್ತಿದ್ದ ಲಲಿತಾ ಮಾಮಿಯ ಹತ್ತಿರ ಓಡಿಹೋಗಿ, "ಹೇಗಿತ್ತು ಮಾಮಿ?" ಎಂದೆ. ಮಾಮಿ ಚಪ್ಪಲಿ ಮೆಟ್ಟಿಕೊಂಡರು. "ನಾನ್ ಉನ್ನೈ ಕೇಟ್ಟೇನಾ?" ಎಂದರು. ನಾನು ನಿನ್ನನ್ನು ಕೇಳಿದ್ದೆನಾ ಎಂದು. ಆಟೋ ಹಿಡಿದು ಒಬ್ಬರೇ ಹೋದರು.

ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಎರಡನೇ ಸಲದ್ದು, ಎ ಮೈನರಿನದ್ದು. ಒಂದು ವಾರದಲ್ಲಿ ಅದು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಬಂತು, ಎರಡು ವಾರದಲ್ಲಿ ಆಫೀಸಿಗೆ ಬಂತು. ಸಾರ್ ಎಂದು ಯಾರನ್ನು ಕರೆಯುತ್ತಾರೋ ಅವರಿಗೆಲ್ಲ ಹೊಂದುವ ಹಾಡು ಅದು. ಕಾಲೇಜು ಹುಡುಗರು ಲೆಕ್ಚರರ ಮೇಲೆ ಹಾಡಿದರು, ನಮ್ಮ ಆಫೀಸಿನವರು ಮ್ಯಾನೇಜರ ಮೇಲೆ ಹಾಡಿದರು. ನನ್ನನ್ನು ಎರಡು ಕಾಫಿ ಶಾಪುಗಳಲ್ಲಿ ಹಾಡಲು ಕರೆದರು. ಅಲ್ಲಿ ಗಡ್ಡ ಬಿಟ್ಟ ಯುವಕರು ಗಿಟಾರ್ ಹಿಡಿದು ತಮ್ಮ ಒಂಟಿತನದ ಬಗ್ಗೆ ಇಂಗ್ಲಿಷಿನಲ್ಲಿ ಹಾಡಿಕೊಳ್ಳುತ್ತಿದ್ದರು. ಯಾರಿಗೂ ಶ್ರುತಿ ಇರಲಿಲ್ಲ, ಅದನ್ನು ಅವರು ಪ್ರಾಮಾಣಿಕತೆ ಎನ್ನುತ್ತಿದ್ದರು. ನಾನೂ ಹೊಸ ಹಾಡುಗಳನ್ನು ಕಟ್ಟಿಕೊಂಡು ಹೋಗಿ ಹಾಡಿದೆ. ಜನ ಸಹಿಸಿಕೊಂಡು ಕೂತಿದ್ದು, ಮುಗಿದ ಕೂಡಲೇ "ಸಾರ್ ಪಾಟ್ಟು, ಸಾರ್ ಪಾಟ್ಟು" ಎಂದು ಕೂಗುತ್ತಿದ್ದರು.

ಐತಾಳರ ಕ್ಲಾಸಿನಲ್ಲಿ ಮುಂದಿನ ವರ್ಷಕ್ಕೆ ಸೇರಿದವರು ಇಬ್ಬರು. ವಿಚಾರಿಸಲು ಬಂದ ಒಬ್ಬ ತಾಯಿ, ಒಂದು ಹಾಡೂ ಕಟ್ಟದವರ ಹತ್ತಿರ ನನ್ನ ಮಗ ಏನು ಕಲಿಯಬೇಕು ಎಂದು ಮೆಟ್ಟಿಲ ಮೇಲೇ ನಿಂತು ಕೇಳಿದಳಂತೆ. ಆರು ತಿಂಗಳಲ್ಲಿ ಕ್ಲಾಸು ಮುಚ್ಚಿತು. ತಮ್ಮ ಆ ಕೋಣೆಗೆ ಏಸಿ ಹಾಕಿಸಿ, ಕೆಳಗೆ ಸಿಗುವ ಅದೇ ಇಡ್ಲಿಯನ್ನು ಮೇಲೆ ತಣ್ಣಗೆ ಕೂತು ತಿನ್ನುವ ವ್ಯವಸ್ಥೆ ಮಾಡಿದ. ಐತಾಳರೂ ಜಲಜಕ್ಕನೂ ವಿಮಾನ ನಿಲ್ದಾಣದ ಹತ್ತಿರ ಪಲ್ಲಾವರಂ ಕಡೆ ಮನೆ ಮಾಡಿದರು ಎಂದು ಯಾರೋ ಹೇಳಿದರು. ಪಟ್ಟಿ ನಂಬಿದವರಿಗೆ ಇಷ್ಟೇ ಗತಿ ಎಂದು ನಾನು ಹೇಳಿದ್ದು ನೆನಪಿದೆ. ಯಾರಿಗೆ ಹೇಳಿದೆನೋ ನೆನಪಿಲ್ಲ.

ನಾನು ಪಲ್ಲಾವರಂಗೆ ಹೋದದ್ದು ಒಂದೂವರೆ ವರ್ಷದ ಮೇಲೆ. ಕ್ಷಮೆ ಕೇಳಲು ಹೋದೆ ಎಂದರೆ ಅರ್ಧ ಸುಳ್ಳು. ಆ ಹೊತ್ತಿಗೆ ಹಾಡು ಕಟ್ಟುವುದು ನನಗೆ ಪೂರ್ತಿ ನಿಂತುಹೋಗಿತ್ತು. ಏನು ಮಾಡಿದರೂ ಚಂದ್ರನ ಹಾಡೇ ಆಗುತ್ತಿತ್ತು. ಎಲ್ಲಿ ತಪ್ಪುತ್ತಿದೆ ಎಂದು ಹೇಳಬಲ್ಲವರು ನನಗೆ ಗೊತ್ತಿದ್ದ ಒಬ್ಬರೇ ಒಬ್ಬರು.

ಅಂದು ಅಲ್ಲಿ ವಾರದ ಸಂತೆ. ಹಳೆಯ ಮಿಕ್ಸಿ, ಸಸಿ, ಪಾರಿವಾಳಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಮೂರನೇ ಮಹಡಿ ಹತ್ತಿದೆ. ಬಾಗಿಲು ತೆರೆದ ಜಲಜಕ್ಕ ನನ್ನನ್ನು ನೋಡಿ ಒಳಗೆ ಹೋದರು. ಐತಾಳರು ನೆಲದ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಕೈ ಬಹಳ ವೇಗವಾಗಿ ಓಡುತ್ತಿತ್ತು, ಹೋಟೆಲಿನವರ ಕೈ ಓಡುವ ಹಾಗೆ. ತೂಕ ಇಳಿದಿತ್ತು.

"ಹ್ವಾಯ್, ಮೈಸೂರಿನವ್ರು! ಬನ್ನಿ, ಕೂಕಣಿ."

ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮಾತು ಶುರುಮಾಡಿದೆ. "ಸಾರ್, ಆವತ್ತು ನಾನು ಮಾಡಿದ್ದು..."

"ಅದ್ರಲ್ಲಿ ಎರಡನೇ ಚರಣ ಸಪ್ಪೆ" ಎಂದರು ಅವರು.

ವಿಮಾನವೊಂದು ತಲೆಯ ಮೇಲೇ ಹಾದುಹೋಯಿತು. ಅದರ ಸದ್ದು ಅಡಗುವ ತನಕ ಅವರು ಬೀನ್ಸ್ ನಾರು ತೆಗೆದರು.

"ಮೊದಲ್ನೇ ಚರಣದಲ್ಲಿ ನಾನಿದ್ದೆ" ಎಂದು ಅವರು ಮುಂದುವರಿಸಿದರು. "ನೀವು ಸರಿಯಾಗಿ ಕಂಡು ಬರೆದದ್ದು. ಅದ್ಕೇ ಅದು ನಿಂತ್ಕಂಡಿತ್. ಎರಡನೇದ್ರಲ್ಲಿ ನಾನಿಲ್ಲ. ಯಾರೋ ಬಿಟ್ಟಿ ತಿಂಬವ ಇದ್ದ. ಅವ ಯಾರಂತ ನಂಗೆ ಗೊತ್ತಿಲ್ಲ. ನಿಮ್ಗೂ ಗೊತ್ತಿಲ್ಲ. ಸುಮ್ಮಾ ಪ್ರಾಸಕ್ಕೆ ಹಾಕಿದ್ರಿ ಅಲ್ದಾ?"

"ಹೌದು ಸಾರ್."

"ಹಾಂಗೆಲ್ಲ ಮಾಡೂಕಾಗ. ಬಯ್ಯೂದಾದ್ರೂ ಮನ್ಷನ್ನ ಕಂಡು ಬಯ್ಯಬೇಕು."

ಅವರ ದನಿಯಲ್ಲಿ ನೋವೇನಾದರೂ ಇದೆಯೇ ಎಂದು ಹುಡುಕಿದೆ. ಕ್ಲಾಸಿನಲ್ಲಿ ತಪ್ಪು ತಿದ್ದುವಾಗಿನ ದನಿಯೇ ಅದು. ಧೈರ್ಯ ಮಾಡಿ, ಮೂರನೇ ಸಾಲು ನಿಜವೇ ಸಾರ್, ನೀವು ಒಂದು ಹಾಡೂ ಕಟ್ಟಲಿಲ್ಲವೇ ಎಂದು ಕೇಳಿದೆ. ಬೀನ್ಸಿನ ಮೇಲೆ ಓಡುತ್ತಿದ್ದ ಕೈ ನಿಂತಿತು.

"ಕಟ್ಟಿದ್ದೆ. ನಲವತ್ತು ಇರ್ಬಹುದು. ಒಂದ್ರಲ್ಲೂ ತಪ್ಪಿರ್ಲಿಲ್ಲ. ಇವ್ಳಿಗೆ ಹಾಡಿ ತೋರಿಸ್ತಿದ್ದೆ. ಇವ್ಳು 'ಚಂದ ಇತ್ತ್' ಅಂತ ಹೇಳಿ ಒಳಗೆ ಹೋಯಿ ಒಗ್ಗರಣೆ ಹಾಕ್ತಿದ್ಲು. ಒಂದ್ಸಲ ಆದ್ರೂ ಒಗ್ಗರಣೆ ಸೀದು ಹೋಗ್ಲಿಲ್ಲ ಮಾರಾಯ್ರೆ."

ಇದನ್ನು ಹೇಳಿ ಅವರು ನಕ್ಕರು. ನಾನು ಅವರ ನಗು ನೋಡಿದ್ದು ಅದೇ ಮೊದಲು. ಆಮೇಲೆ ಲಲಿತಾ ಮಾಮಿ ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. "ಅವರದ್ದು ಮೇಜರಲ್ಲೇ ಇರ್ಬೇಕಿತ್ತ್" ಎಂದರು. "ನಂಗೆ ಅದು ಆವತ್ತೇ ರಾತ್ರಿ ಗೊತ್ತಾಯ್ತ್. ಹೋಯಿ ಹೇಳೂಕೆ ಆಗ್ಲಿಲ್ಲ. ಮೇಷ್ಟ್ರಲ್ದಾ."

ನಾನು ಹೊರಡುವಾಗ ಬಾಗಿಲ ತನಕ ಬಂದು, "ಎರಡನೇ ಚರಣ ಬರ್ಕಂಡು ಬನ್ನಿ. ಕಾಂಬ" ಎಂದರು. ನೋಡೋಣ ಎಂದು.

ನಾನು ಬರೆಯಲಿಲ್ಲ. ಎರಡು ಮೂರು ಸಲ ಕೂತೆ. ಬರೆಯಬೇಕಾದರೆ ಅವರ ಬಗ್ಗೆ ಏನಾದರೂ ಗೊತ್ತಿರಬೇಕಲ್ಲ. ಎರಡು ವರ್ಷ ವಾರಕ್ಕೊಮ್ಮೆ ಎದುರಿಗೆ ಕೂತಿದ್ದರೂ ನನಗೆ ಗೊತ್ತಿದ್ದುದು ನಗಲು ಬೇಕಾದಷ್ಟು ಮಾತ್ರ. ಮುಂದಿನ ತಿಂಗಳು ಹೋಗೋಣ, ಹಬ್ಬ ಮುಗಿದ ಮೇಲೆ ಹೋಗೋಣ ಎಂದು ದೂಡಿದೆ. ಎಂಟು ತಿಂಗಳಾದ ಮೇಲೆ ಹಳೆಯ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಾಗಿಲ ಹತ್ತಿರವೇ ಕುಸಿದರಂತೆ. ಗುಂಪಿನಲ್ಲಿ ಹತ್ತು ಜನ ಕೈಮುಗಿಯುವ ಚಿತ್ರ ಹಾಕಿದರು. ನಾನೂ ಹಾಕಿದೆ.

ಎಲ್ಲ ಕಾರ್ಯ ಮುಗಿದ ಮೇಲೆ ಪಲ್ಲಾವರಂಗೆ ಹೋದೆ. ಈ ಸಲ ಜಲಜಕ್ಕ ಒಳಗೆ ಕರೆದರು, ಕಾಫಿ ಕೊಟ್ಟರು, ಎದುರಿಗೆ ಕೂತರು. ಸಣ್ಣ ಆಕಾರದ, ನೆಟ್ಟಗೆ ಕೂರುವ ಹೆಂಗಸು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಒಂದು ಪೂರ್ತಿ ವಾಕ್ಯ ಆಡಿದವರಲ್ಲ.

"ನಿಮ್ಮ ಆ ಪದ್ಯ" ಎಂದರು. "ಅವ್ರಿಗೆ ಅದ್ರ ಮೇಲೆ ಸಿಟ್ಟಿರ್ಲಿಲ್ಲ. ನನ್ನ ಕ್ಲಾಸಿಂದ ಹೊರಗೆ ಬಂದದ್ದು ಅದೊಂದೇ ಅಂತ ಬಂದವ್ರಿಗೆಲ್ಲ ಹೇಳ್ತಿದ್ರು. ಮೂರನೇ ಸಾಲು ಕೇಳಿ ಕೇಳಿ ಅಂತಿದ್ರು."

ನಾನು ತಲೆ ತಗ್ಗಿಸಿದೆ. ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡೆ.

"ನಂಗೆ ಸಿಟ್ಟಿತ್ತ್" ಎಂದರು ಜಲಜಕ್ಕ. "ಅವ್ರು ದಿನಾ ಬೆಳಿಗ್ಗೆ ಐದಕ್ಕೆ ಹೋಟ್ಲಿಗೆ ಹೋಯಿ ಒಂಬತ್ತರ ತನಕ ತರಕಾರಿ ಹೆಚ್ಚಿ ಕೊಡ್ತಿದ್ರು. ಮೂವತ್ತು ವರ್ಷ. ಅಪ್ಪ ಮಾಡ್ತಿದ್ದ ಕೆಲ್ಸ, ಬಿಡೂಕಾಗ ಅಂತ. ಆಮೇಲೆ ಎರಡು ಇಡ್ಲಿ ತಿಂದು ಮೇಲೆ ಹತ್ತೂದು. ನಿಮ್ಮ ಪದ್ಯ ಬಂದ ಮೇಲೆ ಆ ಸಪ್ಲೈಯರ್ ಹುಡುಗ್ರು ಇಡ್ಲಿ ತಂದಿಡೂವಾಗ ಅದ್ನೇ ಹಾಡೂಕೆ ಶುರು ಮಾಡಿದ್ರು. ಬಿಟ್ಟಿ ಇಡ್ಲಿ ಬಿಟ್ಟಿ ವಡೆ ಅಂತ. ತಮಾಷೆಗೇ. ತಮ್ಮನೂ ನಗಾಡ್ತಿದ್ದ. ಅಷ್ಟೇ. ಮತ್ತೆ ಅವ್ರು ಅಲ್ಲಿ ಒಂದು ಲೋಟ ನೀರು ಕುಡೀಲಿಲ್ಲ. ತರಕಾರಿ ಹೆಚ್ಚಿ ಮನೆಗೆ ಬಂದು ತಿಂದು ಪುನಃ ಹೋಪುದು. ಕೊನೆಗೆ ಅದೂ ಬಿಟ್ರು. ಅವರಪ್ಪ ಕಟ್ಟಿದ ಹೋಟ್ಲು."

"ಅವರು ನನಗೆ ಇದನ್ನು ಹೇಳಲೇ ಇಲ್ಲ ಜಲಜಕ್ಕ" ಎಂದೆ.

"ಅವ್ರು ಎಂತ ಹೇಳ್ತ್ರು. ಸಪ್ಪೆ ಅಂತ ಹೇಳಿರ್ತ್ರು."

ಕೆಳಗೆ ಸಂತೆಯ ಗದ್ದಲ. ಜಲಜಕ್ಕ ಸೆರಗು ಸರಿಮಾಡಿಕೊಂಡು, ನನ್ನನ್ನೇ ನೋಡುತ್ತ, ತೀರಾ ಸಹಜವಾದ ದನಿಯಲ್ಲಿ ಹೇಳಿದರು:

"ಆ ಚರಣ ಒಂದು ತೆಗ್ದುಬಿಡಿ. ಮೊದಲ್ನೇದು ಇರ್ಲಿ, ಅದು ಅವ್ರಿಗೆ ಖುಷಿ. ಎರಡನೇದು ತೆಗೀನಿ."

"ಅದು ಈಗ ಎಲ್ಲರ ಫೋನಿನಲ್ಲೂ ಇದೆ ಜಲಜಕ್ಕ. ಯಾರ ಯಾರ ಹತ್ತಿರವೋ. ನಾನು ಹೇಗೆ ತೆಗೆಯಲಿ?"

ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಪದ್ಯ ಕಟ್ಟೂಕೆ ಬತ್ತ್" ಎಂದರು, "ಅದನ್ನ ತೆಗೂಕೆ ಬತ್ತಿಲ್ಯಾ?"

ನನ್ನ ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಅವರು ಲೋಟ ಎತ್ತಿಕೊಂಡು ಒಳಗೆ ಹೋದರು.